ಎಡಗಡೆಯವನೋ, ಬಲಗಡೆಯವನೋ

ಒಲುಂದ ಊರಿನಲ್ಲಿ ರೋಮಿನ ಚಕ್ರವರ್ತಿಗಳ ಮನೆತನವನ್ನು ಕಣ್ಣಾರೆ ಕಂಡವನು ಒಬ್ಬನೇ ಒಬ್ಬನಿದ್ದ. ಅವನೂ ಕಂಡಿರಲಿಲ್ಲ.

ಅವನ ಹೆಸರು ತ್ರಿಫೋನ. ಕಸುಬು ಒಣ ಅಂಜೂರದ ವ್ಯಾಪಾರ. ಹತ್ತು ವರ್ಷಗಳ ಹಿಂದೆ ನಾಲ್ಕು ಹೇಸರಗತ್ತೆಗಳ ಮೇಲೆ ಅಂಜೂರ ಹೇರಿಕೊಂಡು ಅವನು ಎಫೆಸೊಸ್‌ಗೆ ಹೋಗಿದ್ದಾಗ ಹಿರಿಯ ಚಕ್ರವರ್ತಿಗಳು ತಮ್ಮ ಇಬ್ಬರು ಗಂಡುಮಕ್ಕಳೊಡನೆ ಆ ಪಟ್ಟಣದ ಬೀದಿಯಲ್ಲಿ ಹಾದುಹೋದದ್ದು ನಿಜ. ಆ ಹೊತ್ತಿಗೆ ಸರಿಯಾಗಿ ತ್ರಿಫೋನ ಒಂದು ಕಂಬದ ಹಿಂದೆ ನಿಂತು ಹುರಿದ ಮೀನು ತಿನ್ನುತ್ತಿದ್ದದ್ದೂ ನಿಜ. ಮೀನು ಮುಗಿಸಿ, ಬಾಯಿ ಒರೆಸಿಕೊಂಡು ಇಣುಕಿ ನೋಡುವಷ್ಟರಲ್ಲಿ ಕೊನೆಯ ಕುದುರೆಯ ಬಾಲ ತಿರುವಿನಲ್ಲಿ ಮರೆಯಾಗುತ್ತಿತ್ತು. ಊರಿಗೆ ಬಂದು ಇಷ್ಟನ್ನೇ ಹೇಳಿದ್ದರೆ ಮುಂದಿನ ಯಾವ ಗಂಡಾಂತರವೂ ಇರುತ್ತಿರಲಿಲ್ಲ. ಆದರೆ ಅಷ್ಟು ದೂರ ಕಾಲು ಸವೆಸಿ ಬಂದವನು ಬಾಲ ಕಂಡೆ ಎಂದು ಹೇಗೆ ತಾನೇ ಹೇಳಿಯಾನು? ಮೆನಿಪ್ಪನ ಕ್ಷೌರದಂಗಡಿಯಲ್ಲಿ ಕುಳಿತು ಮೊದಲ ದಿನ ‘ನೋಡಿದೆ’ ಎಂದ. ಎರಡನೆಯ ತಿಂಗಳು ‘ಎದುರಿಗೇ ನೋಡಿದೆ’ ಎಂದ. ವರ್ಷ ತುಂಬುವ ಹೊತ್ತಿಗೆ ಆ ಇಬ್ಬರು ರಾಜಕುಮಾರರಲ್ಲಿ ಒಬ್ಬ ಕುದುರೆ ನಿಲ್ಲಿಸಿ, ತ್ರಿಫೋನನ ಕಡೆ ತಿರುಗಿ, ನಕ್ಕು, ಬುಟ್ಟಿಯಿಂದ ಒಂದು ಅಂಜೂರ ತೆಗೆದು ಬಾಯಿಗೆ ಹಾಕಿಕೊಂಡಿದ್ದ. ಹತ್ತು ವರ್ಷ ಹೇಳಿದ ಮೇಲೆ ಆ ನಗು ತ್ರಿಫೋನನಿಗೇ ಸ್ಪಷ್ಟವಾಗಿ ನೆನಪಿತ್ತು.

ಮುಂದೆ ಹಿರಿಯ ಚಕ್ರವರ್ತಿಗಳು ತೀರಿಕೊಂಡು, ಮಕ್ಕಳಿಬ್ಬರೂ ಒಟ್ಟಿಗೆ ಪಟ್ಟಕ್ಕೆ ಬಂದರು. ಅವರ ಗೌರವಕ್ಕೆ ಒಲುಂದದ ಪುರಸಭೆ ಕಂಚಿನ ದೊಡ್ಡ ನಾಣ್ಯ ಹೊಡೆಸಿತು. ಹಿಂಬದಿಯಲ್ಲಿ ಪಂಜು ಹಿಡಿದ ಹೆಕಾತೆ ದೇವಿ, ಅವಳ ಕಾಲ ಬಳಿ ನಾಯಿ. ಮುಂಬದಿಯಲ್ಲಿ ಅಣ್ಣತಮ್ಮಂದಿರು, ಮೂಗಿಗೆ ಮೂಗು ತಾಗುವಂತೆ ಎದುರುಬದುರು. ಇಬ್ಬರಿಗೂ ಒಂದೇ ಬಗೆಯ ಗಡ್ಡ, ಒಂದೇ ಬಗೆಯ ಎಲೆಯ ಕಿರೀಟ. ಎಡಗಡೆಯವನು ಹುಬ್ಬು ಗಂಟಿಕ್ಕಿದ್ದ. ಬಲಗಡೆಯವನ ತುಟಿಯಂಚಿನಲ್ಲಿ ಸಣ್ಣ ನಗು ಇತ್ತು, ಇಲ್ಲವೇ ಅಚ್ಚು ಕೊರೆದವನ ಉಳಿ ಜಾರಿತ್ತು. ಇಬ್ಬರ ಹೆಸರೂ ಅಂಚಿನ ಸುತ್ತ ಒಂದೇ ಸರವಾಗಿ ಓಡುತ್ತಿದ್ದುದರಿಂದ ಯಾವ ತಲೆ ಯಾರದೆಂದು ತಿಳಿಯುವಂತಿರಲಿಲ್ಲ. ಕೊರೆದವನು ಪರವೂರಿನವನು, ಕೂಲಿ ತೆಗೆದುಕೊಂಡು ಎತ್ತಲೋ ಹೋಗಿದ್ದ. ತಿಳಿಯಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಆ ನಾಣ್ಯ ಕೊಟ್ಟರೆ ಎಣ್ಣೆ ಬರುತ್ತಿತ್ತು, ಮೀನು ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ಹೀಗಿರುವಾಗ ಒಂದು ದಿನ ಪ್ರಾಂತದ ಕಚೇರಿಯಿಂದ ಓಲೆ ಬಂತು. ಪುರಪ್ರಮುಖ ಥ್ರಾಸೋನ ಸಭೆ ಕರೆದು, ಗಂಟಲು ಸರಿಮಾಡಿಕೊಂಡು ಓದತೊಡಗಿದ. “ದ್ರೋಹಿಯಾಗಿ ಸತ್ತಿರುವ...” ಎಂದು ಓದಿ ನಿಂತ. ಓಲೆಯನ್ನು ಬೆಳಕಿಗೆ ಹಿಡಿದ. ಮುಂದೆ ಹೆಸರು ಇರಬೇಕಾದ ಕಡೆ ತೂತು ಇತ್ತು. ತೂತಿನಾಚೆ ಹೀಗಿತ್ತು: “...ಅವನ ಹೆಸರನ್ನು ಇನ್ನು ಯಾರೂ ಆಡಕೂಡದು, ಬರೆಯಕೂಡದು. ಅವನು ಇದ್ದೇ ಇರಲಿಲ್ಲವೆಂದು ತಿಳಿಯತಕ್ಕದ್ದು. ನಾಣ್ಯಗಳ ಮೇಲಿಂದ ಅವನ ಮುಖವನ್ನು ಕೆರೆದುಹಾಕತಕ್ಕದ್ದು. ಹತ್ತನೆಯ ದಿನ ತನಿಖಾಧಿಕಾರಿ ಬರುತ್ತಾರೆ. ಕೆಲಸ ತಪ್ಪಿದರೆ ಹೊಣೆ ಹೊತ್ತವನ ತಲೆ ಉಳಿಯುವುದಿಲ್ಲ.”

ನಕಲು ಮಾಡಿದ ಗುಮಾಸ್ತ ಮಹಾ ನಿಷ್ಠಾವಂತನಿರಬೇಕು. ಹೆಸರು ಬರೆದು, ಮುಂದಿನ ಸಾಲು ಬರೆಯುತ್ತಾ ಅದರ ಅರ್ಥ ಹೊಳೆದು, ಹೆದರಿ, ತಾನು ಬರೆದದ್ದನ್ನು ತಾನೇ ಕೆರೆದುಬಿಟ್ಟಿದ್ದ. ಇಂಥವರಿಂದಲೇ ಸಾಮ್ರಾಜ್ಯ ನಡೆಯುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

“ಯಾರಂತೆ ಸತ್ತಿದ್ದು? ಅಣ್ಣನಾ, ತಮ್ಮನಾ?” ಎಂದು ಹಿಂದಿನ ಸಾಲಿನಿಂದ ಎಣ್ಣೆ ವ್ಯಾಪಾರಿಯೊಬ್ಬ ಕೇಳಿದ.

“ಬಾಯ್ಮುಚ್ಚಯ್ಯಾ!” ಥ್ರಾಸೋನ ಗದರಿದ. “ಹೆಸರು ಎತ್ತಬಾರದು ಅಂತ ಈಗ್ತಾನೇ ಓದ್ಲಿಲ್ವಾ?”

“ನಾನೆಲ್ಲಿ ಎತ್ತಿದೆ ಸ್ವಾಮಿ? ಕೇಳ್ದೆ ಅಷ್ಟೆ.”

“ನೀನು ಕೇಳಿದ್ರೆ ಇನ್ನೊಬ್ಬ ಹೇಳ್ಬೇಕಾಗುತ್ತೆ. ಹೇಳಿದೋನ ತಲೆ ಮೊದಲು ಹೋಗುತ್ತೆ, ಕೇಳಿದೋನದ್ದು ಆಮೇಲೆ ಹೋಗುತ್ತೆ.”

“ಕಚೇರಿಗೇ ಬರೆದು ಕೇಳಿದ್ರೆ?”

“ಏನಂತ ಬರೀತೀಯ? ‘ನಮ್ಮ ಚಕ್ರವರ್ತಿಗಳು ಯಾರು ಅಂತ ನಮಗೆ ಗೊತ್ತಿಲ್ಲ, ದಯವಿಟ್ಟು ತಿಳಿಸಿ’ ಅಂತಾನಾ?”

“ಹಾಗಾದ್ರೆ ಇಬ್ಬರನ್ನೂ ಕೆರೆದುಬಿಡೋಣ, ಗೊಡವೆಯೇ ಬೇಡ.”

“ಬದುಕಿರೋ ಚಕ್ರವರ್ತಿಗಳ ಮೂಗು ಕೆರೆದ ಊರು ಅಂತ ಹೆಸರು ಬರಲಿ, ಆಮೇಲೆ ಗೊಡವೆ ಅಂದ್ರೆ ಏನು ಅಂತ ಗೊತ್ತಾಗುತ್ತೆ ನಿಂಗೆ.”

ಆಗ ಕ್ಷೌರಿಕ ಮೆನಿಪ್ಪ ತೊಡೆ ತಟ್ಟಿಕೊಂಡು ಎದ್ದ. “ಅಯ್ಯೋ, ನಮ್ಮ ತ್ರಿಫೋನ ಇಲ್ವಾ! ಇಬ್ಬರನ್ನೂ ಎದುರಿಗೇ ನಿಂತು ನೋಡಿ ಬಂದೋನು. ಮಾತಾಡಿಸಿ ಬಂದೋನು. ಹತ್ತು ವರ್ಷದಿಂದ ಗಡ್ಡ ಹೆರೆಸಿಕೊಳ್ಳೋವಾಗಲೆಲ್ಲ ಅದನ್ನೇ ಹೇಳ್ತಾನೆ.”

ಐದು ನಿಮಿಷದಲ್ಲಿ ತ್ರಿಫೋನನನ್ನು ಅಂಗಡಿಯಿಂದ ಎತ್ತಿಕೊಂಡೇ ಬಂದರು. ಕೈಯಲ್ಲಿ ತಕ್ಕಡಿ ಇನ್ನೂ ತೂಗಾಡುತ್ತಿತ್ತು. ಥ್ರಾಸೋನ ಅವನ ಅಂಗೈಗೆ ನಾಣ್ಯವಿಟ್ಟು, “ಹೇಳಪ್ಪಾ, ಇವರಲ್ಲಿ ಇರೋರು ಯಾರು, ಹೋದೋರು ಯಾರು?” ಎಂದ.

ತ್ರಿಫೋನ ಕಂಬದ ಹಿಂದಿನ ಮೀನಿನ ವಿಷಯ ಹೇಳಿಬಿಡೋಣವೆಂದು ಬಾಯಿ ತೆರೆದ. ಎದುರಿಗೆ ಇಡೀ ಪುರಸಭೆ ಅವನನ್ನೇ ನೋಡುತ್ತಿತ್ತು; ಇದುವರೆಗೆ ಅವನ ಮಾತಿಗೆ ಆಕಳಿಸುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದಿದ್ದರು. ಇಂಥ ಗಳಿಗೆಯಲ್ಲಿ ಮೀನಿನ ಮಾತೆತ್ತಲು ಬಹಳ ದೊಡ್ಡ ಮನುಷ್ಯನೇ ಆಗಬೇಕು. ತ್ರಿಫೋನ ಆಗಿರಲಿಲ್ಲ.

“ನನ್ನ ನೋಡಿ ನಕ್ಕೋರು ಇವರೇ,” ಎಂದು ಬಲಗಡೆಯ ಮುಖದ ಮೇಲೆ ಬೆರಳಿಟ್ಟ. “ಎಂಥಾ ಒಳ್ಳೇ ಮನುಷ್ಯ! ನಗೋ ಮನುಷ್ಯ ದ್ರೋಹ ಮಾಡ್ತಾನಾ? ಈ ಎಡಗಡೆ ಗಂಟುಮುಖದೋನನ್ನ ನೋಡಿ. ಅವತ್ತೇ ಅಂದ್ಕೊಂಡೆ ನಾನು, ಇವನು ಬಹಳ ದಿನ ಬಾಳೋದಿಲ್ಲ ಅಂತ.”

“ಎಡಗಡೆ ಕೆರೀರಿ!” ಥ್ರಾಸೋನ ಘೋಷಿಸಿದ. ತೀರ್ಮಾನ ಬೇರೆಯವನದ್ದು ಎಂಬ ಸಮಾಧಾನದಿಂದ ಅವನ ಮುಖ ಅರಳಿತ್ತು. ಸಭೆಯ ಹೊತ್ತಗೆಯಲ್ಲಿ ‘ತ್ರಿಫೋನನ ಮಾತಿನ ಮೇಲೆ, ಅವನ ಹೊಣೆಯಲ್ಲಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ.

ಮಾರನೆಯ ದಿನದಿಂದ ಸಂತೆಕಟ್ಟೆಯ ತುಂಬ ಒಂದೇ ಸದ್ದು. ಅರ ಇದ್ದವರು ಅರ ತಂದರು, ಉಳಿ ಇದ್ದವರು ಉಳಿ ತಂದರು, ಏನೂ ಇಲ್ಲದವರು ಮೆಟ್ಟಿಲಿಗೆ ಉಜ್ಜಿದರು. ನಡುವೆ ಎತ್ತರದ ಪೀಠದ ಮೇಲೆ ತ್ರಿಫೋನ. ಅವನಿಗೆ ‘ಮುಖಪರೀಕ್ಷಕ’ ಎಂಬ ಬಿರುದು ಬಂದಿತ್ತು. ಒಬ್ಬ ಕಮ್ಮಾರ ನಿಷ್ಠೆ ಹೆಚ್ಚಾಗಿ ಹೆಕಾತೆಯ ನಾಯಿಯನ್ನೂ ಕೆರೆದುತಂದು ಬೈಸಿಕೊಂಡ. ಒಬ್ಬ ಮುದುಕಿ, “ಮೂಗು ಒಂದು ಬಿಡಪ್ಪಾ, ನನ್ನ ತಮ್ಮನ ಮೂಗಿನ ಹಾಗೇ ಇದೆ,” ಎಂದು ಗೋಗರೆದಳು. ಎಲ್ಲರನ್ನೂ ಕಂಗೆಡಿಸಿದ್ದು ಕುಂಬಾರಗೇರಿಯ ವಿಧವೆಯ ಪ್ರಶ್ನೆ. ಹಿಂದಿನ ವಾರ ತೀರಿಕೊಂಡ ಅವಳ ಗಂಡನ ಬಾಯಲ್ಲಿ, ಸತ್ತವರ ಹೊಳೆ ದಾಟಿಸುವ ಅಂಬಿಗನಿಗೆಂದು ಇಟ್ಟು ಹೂತದ್ದೂ ಇದೇ ನಾಣ್ಯ.

“ಅಗೆದು ತೆಗೀಬೇಕಾ ಸ್ವಾಮಿ?”

ಥ್ರಾಸೋನ ತ್ರಿಫೋನನ ಮುಖ ನೋಡಿದ. ತ್ರಿಫೋನ ಗಲ್ಲ ನೀವಿಕೊಂಡ. “ಬೇಡಮ್ಮಾ. ಆ ಹೊಳೆ ದಾಟಿದ ಮೇಲೆ ಕಚೇರಿನೇ ಬೇರೆ,” ಎಂದ. ಜನ ತಲೆದೂಗಿದರು. ಒಲುಂದದಲ್ಲಿ ಇಂಥ ನ್ಯಾಯ ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಮಾತ್ರ ಹೆಂಡತಿ ತಾತಿಯಾಳಿಗೆ ನೆಮ್ಮದಿ ಇರಲಿಲ್ಲ. ಕಂಬದ ಹಿಂದಿನ ಮೀನಿನ ವಿಷಯ ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು. “ರೀ, ತಪ್ಪಾದ್ರೆ ಗತಿ ಏನ್ರೀ?” ಎಂದಳು. “ತಪ್ಪು ಹೇಗೇ ಆಗುತ್ತೆ? ಇರೋದೇ ಇಬ್ಬರು,” ಎಂದ ತ್ರಿಫೋನ.

ಒಂಬತ್ತನೆಯ ದಿನ ಮಧ್ಯಾಹ್ನ, ಊರಿನ ಬಹುಪಾಲು ನಾಣ್ಯ ಒಂಟಿ ತಲೆಯದಾಗಿದ್ದ ಹೊತ್ತಿನಲ್ಲಿ, ಕರಾವಳಿಯಿಂದ ಉಪ್ಪು ತಂದ ಹೇಸರಗತ್ತೆಯವನೊಬ್ಬ ಮೆನಿಪ್ಪನ ಅಂಗಡಿಗೆ ಗಡ್ಡ ಹೆರೆಸಲು ಬಂದ. ಎದ್ದು ಹೋಗುವಾಗ ಹೊಚ್ಚಹೊಸ ನಾಣ್ಯವೊಂದನ್ನು ಕೊಟ್ಟ. “ಹೊಸ ಅಚ್ಚು ಕಣಣ್ಣಾ. ಈಗ ಅಣ್ಣ ಒಬ್ಬನೇ ಅಂತೆ,” ಎಂದು ಪಿಸುಗುಟ್ಟಿ ಹೊರಟುಹೋದ. ಮೆನಿಪ್ಪ ನಾಣ್ಯ ನೋಡಿದ. ಅದರ ಮೇಲೆ ಒಂದೇ ತಲೆ. ಹುಬ್ಬು ಗಂಟಿಕ್ಕಿದ್ದ ತಲೆ. ಇಡೀ ಊರು ಒಂಬತ್ತು ದಿನ ಕೂತು ಕೆರೆದುಹಾಕಿದ ತಲೆ.

ಸುದ್ದಿ ಹಬ್ಬಲು ಅರ್ಧ ಗಳಿಗೆ ಹಿಡಿಯಲಿಲ್ಲ. ಅರಗಳ ಸದ್ದು ಒಂದೊಂದಾಗಿ ನಿಂತಿತು. ತ್ರಿಫೋನ ಪೀಠದಿಂದ ಇಳಿಯುವಾಗ ಹಿಡಿದುಕೊಳ್ಳಲು ಒಂದು ಕೈಯೂ ಇರಲಿಲ್ಲ.

“ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ,” ಎಂದ ಥ್ರಾಸೋನ. ಏನು ಹೇಳುತ್ತಿದ್ದನೆಂದು ಯಾರೂ ಕೇಳಲಿಲ್ಲ.

“ಅಣ್ಣಾ, ಏನೂ ಅಂದ್ಕೋಬೇಡ,” ಎಂದ ಮೆನಿಪ್ಪ, “ನಾಳೆವರೆಗೆ ನನ್ನ ಅಂಗಡಿ ಕಡೆ ಬರಬೇಡ. ನಾವು ಅಷ್ಟೇನೂ ಪರಿಚಯದೋರಲ್ಲ ಅಂತ ಇರಲಿ.”

ಸಂಜೆಗೆ ನೆಂಟರಿಷ್ಟರು ಬರತೊಡಗಿದರು. ಪಕ್ಕದ ಮನೆಯಾಕೆ, “ನಿಮ್ಮ ದೊಡ್ಡ ಒರಳು ನಾಡಿದ್ದು ಹೇಗೂ ಖಾಲಿ ಇರುತ್ತಲ್ಲ, ನಮಗೆ ಕೊಡ್ತೀರಾ?” ಎಂದು ಕೇಳಿದಳು. ಸೋದರತ್ತೆ ಜೇನು ಹಾಕಿ ಬೇಯಿಸಿದ ತಿಥಿಯ ಗೋಧಿಯನ್ನು ತಟ್ಟೆ ತುಂಬ ತಂದು, “ಮಂಡಿನೋವು ಕಣಪ್ಪಾ. ಆಮೇಲೆ ಬರೋಕಾಗುತ್ತೋ ಇಲ್ವೋ, ನಿನ್ನ ಕೈಗೇ ಕೊಟ್ಟುಹೋಗೋಣ ಅಂತ ಈಗ್ಲೇ ಮಾಡ್ಕೊಂಡು ಬಂದೆ,” ಎಂದಳು. ತ್ರಿಫೋನ ಉಪಚಾರಕ್ಕೆಂದು ಎರಡು ತುತ್ತು ತಿಂದ. ಚೆನ್ನಾಗಿಯೇ ಇತ್ತು.

“ಓಡಿಹೋಗಿ ರೀ,” ಎಂದಳು ತಾತಿಯಾ.

“ನಾನು ಓಡಿದ್ರೆ ಊರಿನ ಮೇಲೆ ಬರುತ್ತೆ. ನಿನ್ನ ಮೇಲೂ ಬರುತ್ತೆ.” ಮದುವೆಯಾದಾಗಿನಿಂದ ಅವನು ಆಡಿದ ಮಾತುಗಳಲ್ಲಿ ಇದೊಂದು ನೇರವಾಗಿತ್ತು. ತಾತಿಯಾ ಅತ್ತುಬಿಟ್ಟಳು. ಅವನ ಮೇಲೆ ಅವಳಿಗೆ ಅಷ್ಟೊಂದು ಪ್ರೀತಿಯಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಹತ್ತನೆಯ ದಿನ ನಡುಮಧ್ಯಾಹ್ನ ತನಿಖಾಧಿಕಾರಿ ವಿಬಿಯ ಬಂದ. ಹಿಂದೆ ನಾಲ್ಕು ಜನ ಸಿಪಾಯಿಗಳು, ಪಕ್ಕದಲ್ಲಿ ಮೇಣದ ಹಲಗೆ ಹಿಡಿದ ಬಡಕಲು ಗುಮಾಸ್ತ. ಈ ಗುಮಾಸ್ತ ಬರೆದದ್ದು ನೇರವಾಗಿ ರೋಮಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ವಿಬಿಯನಿಗೆ ಗೊತ್ತಿತ್ತು. ಆದ್ದರಿಂದ ಅವನು ಸೀನಿದ ಮೇಲೂ ಚಕ್ರವರ್ತಿಗಳ ಆರೋಗ್ಯವನ್ನೇ ಹಾರೈಸುತ್ತಿದ್ದ. ಗುಂಪಿನಲ್ಲಿದ್ದ ಮೆನಿಪ್ಪ ಹೊಸ ನಾಣ್ಯವನ್ನು ಸರಕ್ಕನೆ ಬಾಯಿಗೆ ಹಾಕಿಕೊಂಡು ದವಡೆಯಲ್ಲಿ ಅಡಗಿಸಿದ.

ಕೆರೆದ ನಾಣ್ಯಗಳನ್ನು ಸಂತೆಕಟ್ಟೆಯಲ್ಲಿ ರಾಶಿ ಹಾಕಿದ್ದರು; ವಿಬಿಯ ಅದರಿಂದ ಒಂದು ಎತ್ತಿಕೊಂಡ. ನೋಡಿದ. ಇನ್ನೊಂದು ಎತ್ತಿದ. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

“ಇದನ್ನ ಮಾಡಿಸಿದೋನು ಯಾರು?”

ಜನ ಇಷ್ಟು ಒಗ್ಗಟ್ಟಿನಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ. ಎಲ್ಲರೂ ಒಮ್ಮೆಗೇ ಹಿಂದೆ ಸರಿದರು. ನಡುವೆ ತ್ರಿಫೋನ ಒಬ್ಬನೇ ಉಳಿದ.

“ಏನಯ್ಯಾ ಇದು?” ವಿಬಿಯ ಅಬ್ಬರಿಸಿದ. “ನೀನು ಉಳಿಸಿರೋ ಈ ಮುಖ ಚಕ್ರವರ್ತಿಗಳದ್ದಲ್ಲ!”

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ತ್ರಿಫೋನ ಆಮೇಲೆ ಹೇಳಿಕೊಂಡಂತೆ ಇದರಲ್ಲಿ ಜಾಣತನ ಏನೂ ಇರಲಿಲ್ಲ. ಸಾಯುವುದಂತೂ ನಿಶ್ಚಯವಾಯಿತು, ಸಾಯುವ ಮುಂಚೆ ಹತ್ತು ವರ್ಷದಿಂದ ತನ್ನನ್ನು ನೋಡಿ ನಗುತ್ತಿರುವವನು ಯಾರೆಂದಾದರೂ ತಿಳಿಯೋಣ ಎಂದು ಅವನಿಗೆ ಮನಸ್ಸಾರೆ ಅನ್ನಿಸಿತು.

“ಅಲ್ವಾ ಸ್ವಾಮಿ? ಹಾಗಾದ್ರೆ ಇದು ಯಾರು?”

“ಯಾರು ಅಂತ ನನ್ನನ್ನ ಕೇಳ್ತೀಯಾ?”

“ನನಗೆ ಗೊತ್ತಿಲ್ಲ ಸ್ವಾಮಿ. ತಮಗೆ ಗೊತ್ತಿರೋ ಹಾಗಿದೆ.”

“ಗೊತ್ತಿಲ್ದೆ ಏನು? ಚೆನ್ನಾಗಿ ಗೊತ್ತು! ಇದು...”

ಗುಮಾಸ್ತ ತಲೆ ಎತ್ತಿದ. ಬರೆಯುವ ಕಡ್ಡಿ ಮೇಣದ ಮೇಲೆ ನಿಂತಿತ್ತು.

ವಿಬಿಯ ಆ ಕಡ್ಡಿಯನ್ನು ನೋಡಿ ಬಾಯಿ ಮುಚ್ಚಿಕೊಂಡ.

“ಯಾರು ಸ್ವಾಮಿ?” ತ್ರಿಫೋನ ಒಂದು ಹೆಜ್ಜೆ ಮುಂದೆ ಬಂದ. “ಹೇಳಿಬಿಡಿ ಸ್ವಾಮಿ, ಪುಣ್ಯ ಬರುತ್ತೆ.”

“ಬರ್ಕೊಳ್ಳಲಾ ಸ್ವಾಮಿ?” ಗುಮಾಸ್ತ ಬಹಳ ಮೆಲ್ಲಗೆ ಕೇಳಿದ. “ಈ ಮುಖದ ಗುರುತು ತಮಗೆ ಚೆನ್ನಾಗಿ ಸಿಕ್ತು ಅಂತ? ಹೆಸರು ಏನಂತ ಹಾಕಲಿ?”

“ಗುರುತಾ? ಯಾರ ಗುರುತು?” ವಿಬಿಯನ ಹಣೆಯ ಮೇಲೆ ಬೆವರು ಮೂಡಿತು. “ನನಗೆ ಯಾರ ಗುರುತೂ ಇಲ್ಲ! ಬೆಳಕು ಸರಿಯಾಗಿಲ್ಲ ಇಲ್ಲಿ.” ಸೂರ್ಯ ನೆತ್ತಿಯ ಮೇಲಿದ್ದ.

ತ್ರಿಫೋನನಿಗೆ ಆಗ ನಿಧಾನವಾಗಿ, ಬಹಳ ನಿಧಾನವಾಗಿ, ವಿಷಯ ಹೊಳೆಯಿತು.

“ಸ್ವಾಮಿ, ನಾನು ಅಂಜೂರ ಮಾರೋನು, ತಿಳಿವಳಿಕೆ ಕಮ್ಮಿ. ಇದ್ದದ್ದು ಒಬ್ಬರೇ ಚಕ್ರವರ್ತಿಗಳು. ಇನ್ನೊಬ್ಬ ಇದ್ದೇ ಇರಲಿಲ್ಲ ಅಂತ ಓಲೆಯಲ್ಲಿ ಬರೆದಿದೆ. ಇದ್ದೇ ಇರದಿದ್ದೋನ ಮುಖ ನಮ್ಮ ನಾಣ್ಯದ ಮೇಲೆ ಎಲ್ಲಿಂದ ಬರಬೇಕು? ಇರೋ ಮುಖ ಇರೋರದ್ದೇ ಆಗಿರಬೇಕಲ್ವಾ?”

ಜನರ ನಡುವಿನಿಂದ ಯಾರೋ ‘ಆಹಾ’ ಎಂದರು.

“ಹಾಗಾದ್ರೆ ನೀನು ಕೆರೆದದ್ದು ಯಾರನ್ನ?” ಗುಮಾಸ್ತ ಕೇಳಿದ.

“ಅದನ್ನ ಹೇಳಬಾರದಲ್ಲ ಸ್ವಾಮಿ,” ಎಂದು ತ್ರಿಫೋನ ವಿನಯದಿಂದ ತಲೆ ಬಾಗಿಸಿದ.

ಗುಮಾಸ್ತ ಆ ಉತ್ತರವನ್ನು ಅಕ್ಷರ ಬಿಡದೆ ಬರೆದುಕೊಂಡ. ಅವನ ವೃತ್ತಿಜೀವನದಲ್ಲಿ ಇಷ್ಟು ಸರಿಯಾದ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಆಮೇಲೆ ವಿಬಿಯನ ಕಡೆ ತಿರುಗಿ ಕಾದ. ನಾಲ್ಕು ಜನ ಸಿಪಾಯಿಗಳೂ ಕಾದರು. ಇಡೀ ಒಲುಂದ ಕಾದಿತು.

ವಿಬಿಯ ನಾಣ್ಯವನ್ನು ಕಣ್ಣಿಗೊತ್ತಿಕೊಂಡ. “ಚಕ್ರವರ್ತಿಗಳೇ ಇವರು! ಸಂದೇಹವೇ ಇಲ್ಲ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತೆ.”

“ಸ್ವಲ್ಪ ನಗ್ತಾ ಇದ್ದಾರೆ,” ಎಂದ ಗುಮಾಸ್ತ, ಕಡ್ಡಿ ಎತ್ತದೆ.

“ಒಲುಂದದ ಮೇಲೆ ಪ್ರಸನ್ನರಾಗಿದ್ದಾರೆ! ಅದಕ್ಕೇ ನಗು! ಹಾಗಂತ ಬರಿ! ಮುದ್ರೆ ಒತ್ತಿ!”

ಸಿಪಾಯಿಗಳು ಒಪ್ಪಿಗೆಯ ಮುದ್ರೆಯ ಅಚ್ಚು ತೆಗೆದು ಕೆರೆದ ಜಾಗಕ್ಕೆ ಸುತ್ತಿಗೆಯಿಂದ ಒಂದೊಂದೇ ಗುದ್ದತೊಡಗಿದರು. ಮೊದಲ ಏಟಿಗೇ ಸಂತೆಕಟ್ಟೆ ಬಾಯ್ಬಿಟ್ಟು ಜಯಕಾರ ಹಾಕಿತು. ಮೆನಿಪ್ಪನೂ ಬಾಯಿಬಿಡಲು ಹೋಗಿ ದವಡೆಯಲ್ಲಿದ್ದದ್ದನ್ನು ನುಂಗಿದ. ರೋಮಿನ ಹೊಸ ಅಚ್ಚಿನ ಬಗ್ಗೆ ಊರಿನಲ್ಲಿದ್ದ ಒಂದೇ ಸಾಕ್ಷಿ ಹೀಗೆ ಇಲ್ಲವಾಯಿತು. ವಿಬಿಯ ಊಟಕ್ಕೂ ನಿಲ್ಲದೆ ಕುದುರೆ ಏರಿದ. ಅವನು ಕಣ್ಮರೆಯಾದ ಮೇಲೆ ತಾತಿಯಾ ಜನರನ್ನು ಸೀಳಿಕೊಂಡು ಬಂದು, ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಕತ್ತಿನ ಮೇಲೆ ಗಟ್ಟಿಯಾಗಿ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿದಳು.

ತಿಂಗಳು ಕಳೆಯುವುದರೊಳಗೆ ಊರಿನ ರಂಗಮಂಟಪದಲ್ಲಿ ಮಹಾಸಭೆ ಸೇರಿತು. ತ್ರಿಫೋನನಿಗೆ ಆಲಿವ್ ಎಲೆಯ ಕಿರೀಟ, ಮೊದಲ ಸಾಲಿನಲ್ಲಿ ಶಾಶ್ವತ ಆಸನ ಎಂದು ಥ್ರಾಸೋನನೇ ಸೂಚಿಸಿದ. ಇಂಥ ಮನುಷ್ಯನ ಮೇಲೆ ತನಗೆ ಮೊದಲಿನಿಂದಲೂ ನಂಬಿಕೆ ಇತ್ತೆಂದು ಕಾಲು ಗಂಟೆ ಮಾತಾಡಿದ. ಕಿರೀಟ ತಲೆಗೇರಿದ ಕೂಡಲೇ ತ್ರಿಫೋನ ನಾಣ್ಯದ ಮೇಲಿನವರಂತೆ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡು ನಿಂತ. ತುಟಿಯಂಚಿನಲ್ಲಿ ಸಣ್ಣ ನಗು ತಂದುಕೊಂಡ.

ಡಂಗುರದವನು ಮುಂದೆ ಬಂದು ಎದೆ ತುಂಬ ಉಸಿರೆಳೆದುಕೊಂಡು ಕೂಗಿದ: “ತ್ರಿಫೋನ!”

ಹೆಸರೆತ್ತಲು ಹೆದರಿ ಹೆದರಿ ಗಂಟಲು ಕಟ್ಟಿಹೋಗಿದ್ದ ಊರು ಅದು. ಸಾವಿರ ಗಂಟಲು ಒಮ್ಮೆಗೇ ತೆರೆದುಕೊಂಡವು. “ತ್ರಿಫೋನ!” ಎಂಬ ಕೂಗು ಕಲ್ಲಿನ ಮೆಟ್ಟಿಲುಗಳಿಂದ ಎದ್ದು, ಎದುರಿನ ಗುಡ್ಡಕ್ಕೆ ತಾಗಿ ತಿರುಗಿ ಬಂತು. ಕೂಗಿದವರಲ್ಲಿ ತಾತಿಯಾಳ ದನಿಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು.

ತ್ರಿಫೋನ ಕಣ್ಣೊರೆಸಿಕೊಂಡ. ಆಮೇಲೆ ಕಿವಿಗೆ ಕೈಯಿಟ್ಟು, ಮೇಲಿನ ಕೊನೆಯ ಮೆಟ್ಟಿಲಿನವರೆಗೂ ಕೇಳುವಂತೆ ಕೂಗಿದ:

“ಯಾರದು? ಹೆಸರು ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ!”

ಊರಿಗೆ ಊರೇ ಎದ್ದು ನಿಂತು ಇನ್ನೊಂದು ಸಲ ಹೇಳಿತು.